ಕಾಳು ಒಡೆಯಲು ಕಲಿತ ಮರಿ

ಕಾಸರಗೋಡಿನ ಕಡೆಯ ಮನೆಗಳಲ್ಲಿ 'ಲವ್ ಬರ್ಡ್ಸ್' ಎಂದೊಡನೆ ನೆನಪಾಗುವುದು ಜಗಲಿಯ ಮೂಲೆಯ ಪಂಜರದಲ್ಲಿ ದಿನವಿಡೀ ಚಿಲಿಪಿಲಿಗುಟ್ಟುವ, ಬೆನ್ನಿನ ಮೇಲೆ ಅಲೆಅಲೆಯಾದ ಗೆರೆಗಳಿರುವ, ಉದ್ದ ಬಾಲದ ಪುಟ್ಟ ಹಕ್ಕಿ. ವಾಸ್ತವದಲ್ಲಿ ಅದು ಆಸ್ಟ್ರೇಲಿಯ ಮೂಲದ ಬಜರಿಗರ್. ನಿಜವಾದ ಲವ್ ಬರ್ಡ್ ಬೇರೆಯೇ. ಅದರ ಒಂಬತ್ತು ಪ್ರಭೇದಗಳಲ್ಲಿ ಎಂಟು ಆಫ್ರಿಕ ಖಂಡದವು, ಒಂದು ಮಡಗಾಸ್ಕರ್ ದ್ವೀಪದ್ದು. ಗಿಡ್ಡ ಬಾಲ, ತುಂಬಿದ ಮೈ, ಗಾತ್ರಕ್ಕೆ ಮಿಗಿಲೆನಿಸುವ ಕೊಕ್ಕು ಅದರ ಗುರುತುಗಳು. ಈ ಸೀಮೆಯ ವ್ಯಾಪಾರಿಗಳು ಗೊಂದಲ ತಪ್ಪಿಸಲು ಇದನ್ನು 'ಆಫ್ರಿಕನ್ ಲವ್ ಬರ್ಡ್ಸ್' ಎನ್ನುತ್ತಾರೆ. ಎರಡೂ ಮುದ್ದಾದ ಹಕ್ಕಿಗಳೇ. ಆದರೆ ಆಫ್ರಿಕದ ಹಕ್ಕಿಯ ಕಡಿತ ಬಲವಾದುದು, ಹಟ ದೊಡ್ಡದು, ಆಯುಸ್ಸೂ ದೀರ್ಘ. ಚೆನ್ನಾಗಿ ನೋಡಿಕೊಂಡರೆ ಹತ್ತರಿಂದ ಹದಿನೈದು ವರ್ಷ ಬಾಳುತ್ತದೆ.

ಈ ಆಯುಸ್ಸಿನ ಲೆಕ್ಕವೇ ಬದಿಯಡ್ಕದ ಸಮೀಪದ ಒಂದು ಮನೆಯಲ್ಲಿ ಮೊದಲ ಚರ್ಚೆಗೆ ಕಾರಣವಾಯಿತು. ಮನೆಯ ಯಜಮಾನರು ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಗಣಿತದ ಅಧ್ಯಾಪಕರು. ಒಂಬತ್ತನೆಯ ತರಗತಿಯ ಮಗಳಿಗೆ ಲವ್ ಬರ್ಡ್ ಮರಿಯೊಂದು ಬೇಕಾಗಿತ್ತು. ತಂದೆ ಬೇಡವೆನ್ನಲಿಲ್ಲ. ಹಕ್ಕಿಗೆ ಯಾವ ವರ್ಷ ಯಾರು ಕಾಳು, ನೀರು ಇಡುವರೆಂದು ಒಂದು ಹಾಳೆಯಲ್ಲಿ ಬರೆದು ತೋರಿಸುವಂತೆ ಮಾತ್ರ ಹೇಳಿದರು. ಹದಿನಾಲ್ಕರ ಹುಡುಗಿ ತನ್ನ ಇಪ್ಪತ್ತೆಂಟನೆಯ ವಯಸ್ಸಿನವರೆಗೆ ಗೆರೆ ಎಳೆದಳು. ಮೊದಲ ಕೆಲವು ವರ್ಷಗಳ ಎದುರಿಗೆ ಅವಳ ಹೆಸರಿತ್ತು. ಮಂಗಳೂರಿನ ಕಾಲೇಜು, ವಿದ್ಯಾರ್ಥಿನಿಲಯ ಎಂದು ಕಂಡ ವರ್ಷಗಳ ಎದುರಿಗೆಲ್ಲ ಅಜ್ಜಿಯ ಹೆಸರು ಬಂತು.

ಅಜ್ಜಿ ಕನ್ನಡಕ ಹಾಕಿಕೊಂಡು ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಓದಿದರು.

"ನನ್ನ ಹೆಸರು ಹಾಕಿದ್ದೀಯಲ್ಲ ಕೂಸೇ, ನನ್ನಲ್ಲಿ ಒಂದು ಮಾತು ಕೇಳಿದೆಯಾ?"

ಹುಡುಗಿ ತಲೆತಗ್ಗಿಸಿದಳು. ಅಜ್ಜಿ ಕಡೆಗೆ ಒಪ್ಪಿದರು, ಆದರೆ ಎರಡು ಷರತ್ತುಗಳೊಡನೆ. ಪಂಜರ ತಮ್ಮ ಕೋಣೆಯ ಕಿಟಕಿಯ ಬಳಿ ಇರಬೇಕು. ತಂದ ಮರಿ ತಾನಾಗಿ ತಿನ್ನುವಂಥದ್ದಾಗಿರಬೇಕು. ರಾತ್ರಿ ಎದ್ದು ಗುಟುಕು ಕೊಡುವ ಪ್ರಾಯ ತಮ್ಮದಲ್ಲ.

ಮುಂದಿನ ಭಾನುವಾರ ತಂದೆ, ಮಗಳು ಕುಂಬಳೆಯ ಕಡೆ ಮನೆಯಲ್ಲಿಯೇ ಹಕ್ಕಿಗಳನ್ನು ಬೆಳೆಸುವ ಒಬ್ಬರಲ್ಲಿಗೆ ಹೋದರು. ತಾರಸಿಯ ಮೇಲೆ ತಗಡಿನ ಮಾಡು, ಸುತ್ತ ಬಲೆ, ಸಾಲಾಗಿ ಮರದ ಗೂಡುಪೆಟ್ಟಿಗೆಗಳು. ಆತ ಮಲಯಾಳ ಬೆರೆತ ತುಳುವಿನಲ್ಲಿ ಮಾತನಾಡುತ್ತ ಪೆಟ್ಟಿಗೆಯೊಂದರ ಬಾಗಿಲು ತೆರೆದು ಮೂರು ವಾರದ ಮರಿಯನ್ನು ಹುಡುಗಿಯ ಅಂಗೈಯಲ್ಲಿಟ್ಟರು. ಮೈತುಂಬ ಮುಳ್ಳಿನಂತಹ ಎಳೆಗರಿಗಳು, ಕಪ್ಪು ಕಣ್ಣು, ಬಿಸಿ ಹೊಟ್ಟೆ. ಅದು ಬೆರಳಿನ ಸಂದಿಯಲ್ಲಿ ತಲೆಯಿಟ್ಟು ನಿದ್ದೆಹೋಯಿತು.

"ಈಗಲೇ ಕೊಂಡುಹೋಗು ಮೋಳೇ. ಸಿರಿಂಜಿನಲ್ಲಿ ದಿನಕ್ಕೆ ಐದು ಸಲ ಗಂಜಿ ಕೊಟ್ಟರಾಯಿತು. ನಿನ್ನನ್ನೇ ಅಮ್ಮ ಅಂದುಕೊಳ್ಳುತ್ತದೆ" ಎಂದರು ಆತ. ದೊಡ್ಡ ಮರಿಗಿಂತ ಬೆಲೆಯೂ ಕಡಿಮೆಯೆಂದರು.

ಎಳೆಯ ಮರಿಯನ್ನು ತಂದರೆ ಮಾತ್ರ ಹಕ್ಕಿ ಕೈಗೆ ಒಗ್ಗುತ್ತದೆಂಬ ನಂಬಿಕೆ ಎಲ್ಲೆಡೆ ಬೇರೂರಿದೆ. ಹಕ್ಕಿಯ ಬೆಳವಣಿಗೆಯ ಕ್ರಮ ಅದನ್ನು ಸಮರ್ಥಿಸುವುದಿಲ್ಲ. ಹೆಣ್ಣು ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆಗಳನ್ನು ದಿನ ಬಿಟ್ಟು ದಿನ ಇಡುತ್ತದೆ. ಸುಮಾರು 23 ದಿನಗಳ ಕಾವಿನ ಬಳಿಕ ಕಣ್ಣು ತೆರೆಯದ ಮರಿಗಳು ಒಂದರ ಹಿಂದೊಂದು ಹೊರಬರುತ್ತವೆ. ಅವು ಗೂಡು ಬಿಡುವುದು ಆರು ವಾರಗಳ ಹೊತ್ತಿಗೆ. ಅಲ್ಲಿಗೂ ಕಲಿಕೆ ಮುಗಿಯುವುದಿಲ್ಲ. ಮುಂದಿನ ಎರಡು ವಾರ ಹೆಚ್ಚಾಗಿ ತಂದೆಹಕ್ಕಿಯೇ ಗುಟುಕು ಕೊಡುತ್ತ ಜೊತೆಗಿರುತ್ತದೆ; ಅದನ್ನು ನೋಡಿ ನೋಡಿ ಮರಿ ಕಾಳಿನ ಸಿಪ್ಪೆ ಒಡೆಯಲು ಕಲಿಯುತ್ತದೆ. ಈ ಪಾಠ ಮುಗಿಯುವ ಮುನ್ನ ಮರಿಯನ್ನು ಬೇರ್ಪಡಿಸಿದರೆ ಆ ಹೊಣೆ ಮನುಷ್ಯನ ಕೈಗೆ ಬರುತ್ತದೆ. ಗಂಜಿ ತುಸು ಬಿಸಿಯಾದರೆ ಗಂಟಲಚೀಲ ಸುಡುತ್ತದೆ. ತಣ್ಣಗಾದರೆ ಅಲ್ಲಿಯೇ ನಿಂತು ಹುಳಿಯುತ್ತದೆ. ಒಂದು ತೊಟ್ಟು ಶ್ವಾಸನಾಳಕ್ಕೆ ಇಳಿದರೆ ಮರಿ ಉಳಿಯುವುದು ಕಷ್ಟ. ನುರಿತವರು ಮಾಡಬಹುದಾದ ಕೆಲಸವಿದು, ಶಾಲೆಗೆ ಹೋಗುವ ಮಕ್ಕಳದಲ್ಲ. ತಂದೆತಾಯಿ ಹಕ್ಕಿಗಳ ಬಳಿಯಲ್ಲಿಯೇ ಬೆಳೆದ ಮರಿಯನ್ನು ದಿನವೂ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ರೂಢಿಸಿದರೆ ಅದೂ ಮನುಷ್ಯರಿಗೆ ಒಗ್ಗುತ್ತದೆ.

ಅಧ್ಯಾಪಕರು ಈ ಯಾವುದನ್ನೂ ಹೇಳಲಿಲ್ಲ. ಈ ಪ್ರಾಯದಲ್ಲಿ ಕೊಂಡುಹೋದ ಮರಿಗಳೆಲ್ಲ ಬದುಕಿವೆಯೇ ಎಂದು ಮಾತ್ರ ಕೇಳಿದರು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲ ಉಳಿಯುವುದಿಲ್ಲ ಮಾಷೇ" ಎಂದರು.

ಹುಡುಗಿಯ ಕೈ ಮಡಚಿಯೇ ಇತ್ತು. ಮರಿ ಇನ್ನೂ ನಿದ್ರಿಸುತ್ತಿತ್ತು. ಅವಳು ಅದರ ಕಾಲಿನ ಉಂಗುರದ ಸಂಖ್ಯೆಯನ್ನು ಎರಡು ಸಲ ಓದಿ ಬಾಯಿಪಾಠ ಮಾಡಿಕೊಂಡಳು. ಬಳಿಕ ತಾನೇ ಅದನ್ನು ಪೆಟ್ಟಿಗೆಯೊಳಗಿಟ್ಟಳು. ಹಿಂದಿರುಗುವ ಬಸ್ಸಿನಲ್ಲಿ ಒಂದು ಮಾತನ್ನೂ ಆಡಲಿಲ್ಲ.

ಆ ಉಂಗುರ ಬರಿಯ ಅಲಂಕಾರವಲ್ಲ. ಜೋಡಣೆಯಿಲ್ಲದ ಇಡಿಯ ಉಂಗುರವನ್ನು ಮರಿ ಹುಟ್ಟಿದ ಹತ್ತು ದಿನಗಳ ಆಸುಪಾಸಿನಲ್ಲಿ ಮಾತ್ರ ಕಾಲಿಗೆ ತೊಡಿಸಲು ಸಾಧ್ಯ. ಬೆಳೆದ ಪಾದದ ಮೂಲಕ ಅದು ತೂರುವುದಿಲ್ಲ. ಹೀಗಾಗಿ ಹಕ್ಕಿ ಮನುಷ್ಯರ ಆಶ್ರಯದಲ್ಲಿಯೇ ಹುಟ್ಟಿತೆಂಬುದಕ್ಕೆ ಅದೊಂದು ಸಾಕ್ಷಿ. ಕೊಳ್ಳುವವರಿಗೆ ಕಾನೂನಿನ ಅರಿವೂ ಅಗತ್ಯ. ತೋಟದಲ್ಲಿ ಹಾರುವ ನಾಡಗಿಣಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಲವ್ ಬರ್ಡ್‌ಗಳು ವಿದೇಶಿ ಮೂಲದವು. ಅವುಗಳಲ್ಲಿ ಪೀಚ್ ಹಣ್ಣಿನ ಬಣ್ಣದ ಮುಖದ ಪ್ರಭೇದ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿಲ್ಲ. ಕಣ್ಣಿನ ಸುತ್ತ ಬಿಳಿ ಬಳೆಯಿರುವ ಫಿಶರ್ ಹಾಗೂ ಕರಿಮುಖದ ಪ್ರಭೇದಗಳು ಅದರ ಎರಡನೆಯ ಅನುಬಂಧದಲ್ಲಿವೆ. 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅಂಥವನ್ನು ಸಾಕುವವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಆದುದರಿಂದ ಪ್ರಭೇದದ ಹೆಸರು, ಉಂಗುರದ ಸಂಖ್ಯೆ, ದಿನಾಂಕಗಳಿರುವ ರಸೀದಿಯನ್ನು ಕೇಳಿ ಪಡೆಯುವುದು ಕ್ಷೇಮ. ಪಂಜರದ ಗಾತ್ರವೂ ಮಾಲೀಕನ ಇಚ್ಛೆಗೆ ಬಿಟ್ಟ ವಿಷಯವಲ್ಲ. ಪ್ರಾಣಿಗೆ ಚಲನೆಗೆ ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿ ಅದನ್ನು ಇರಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಶಿಕ್ಷಾರ್ಹ.

ಐದು ವಾರಗಳ ಬಳಿಕ ಅವರು ಮತ್ತೆ ಹೋದಾಗ ಆ ಪೆಟ್ಟಿಗೆಯ ನಾಲ್ಕು ಮರಿಗಳೂ ಗರಿ ತುಂಬಿಕೊಂಡು ಕೋಲಿನ ಮೇಲೆ ಕುಳಿತಿದ್ದವು. ಮುಖದ ಬಣ್ಣ ಇನ್ನೂ ಮಸುಕು. ಕೊಕ್ಕಿನ ಬುಡದಲ್ಲಿ ಕಪ್ಪು ಕಲೆ. ಎಳೆಪ್ರಾಯದ ಆ ಗುರುತು ಕೆಲವು ತಿಂಗಳುಗಳಲ್ಲಿ ಅಳಿಯುತ್ತದೆ. ಈ ಸಲ ನೋಡುವ ಕ್ರಮವೇ ಬೇರೆಯಾಗಿತ್ತು. ಕಣ್ಣು ತಿಳಿಯಾಗಿದೆಯೇ, ಮೂಗಿನ ರಂಧ್ರ ಒಣಗಿದೆಯೇ, ಬಾಲದ ಬುಡ ಶುಚಿಯಾಗಿದೆಯೇ, ಎದೆಮೂಳೆ ಕತ್ತಿಯ ಅಂಚಿನಂತೆ ಎದ್ದು ತೋರುತ್ತಿದೆಯೇ ಎಂದು ತಂದೆ ಒಂದೊಂದನ್ನೇ ಕೇಳಿದರು, ಮಗಳು ಪರೀಕ್ಷಿಸಿದಳು. ಹಗಲಿನಲ್ಲಿಯೂ ಗರಿ ಉಬ್ಬಿಸಿಕೊಂಡು, ಉಸಿರಿಗೊಮ್ಮೆ ಬಾಲ ಕುಣಿಸುವ ಹಕ್ಕಿಗೆ ಸೌಖ್ಯವಿಲ್ಲವೆಂದು ಸಾಕುವಾತನೇ ತಿಳಿಸಿಕೊಟ್ಟರು. ಈ ನಾಲ್ಕರಲ್ಲಿ ಅಂಥದ್ದು ಯಾವುದೂ ಇರಲಿಲ್ಲ.

ಆತ ಬಟ್ಟಲಿನಲ್ಲಿ ನವಣೆ ಇಟ್ಟರು. ಮೂರು ಮರಿಗಳು ಇಳಿದುಬಂದು ಕಾಳು ಒಡೆಯತೊಡಗಿದವು. ನಾಲ್ಕನೆಯದು ತಂದೆಹಕ್ಕಿಯ ಎದುರು ಬಾಯಿ ತೆರೆದು ಕುಳಿತಿತ್ತು. ಅದರ ಉಂಗುರದ ಸಂಖ್ಯೆ ಹುಡುಗಿಗೆ ಬಾಯಿಪಾಠವಾಗಿತ್ತು. ಎಲ್ಲಕ್ಕಿಂತ ಕಡೆಯ ಮೊಟ್ಟೆಯ ಮರಿ ಅದು. ಅಣ್ಣಂದಿರಿಗಿಂತ ಕೆಲವು ದಿನ ಹಿಂದೆ. ಬೇಕಾದರೆ ಉಳಿದ ಮೂರರಲ್ಲಿ ಒಂದನ್ನು ಅಂದೇ ಕೊಂಡುಹೋಗಬಹುದೆಂದರು ಆತ.

"ಇದು ತಿನ್ನಲು ಕಲಿತ ಮೇಲೆ ಬರುತ್ತೇನೆ" ಎಂದಳು ಹುಡುಗಿ. ಅಪ್ಪನತ್ತ ನೋಡಲೂ ಇಲ್ಲ.

ಮತ್ತೆ ಹತ್ತು ದಿನಗಳಾದವು. ಮನೆಗೆ ಬಂದ ಸಂಜೆ ಮರಿ ಏನನ್ನೂ ಮುಟ್ಟದೆ ಪಂಜರದ ಮೂಲೆಗೆ ಸರಿಯಿತು. ಅಜ್ಜಿ ಪಂಜರದ ಅರ್ಧಕ್ಕೆ ಬಟ್ಟೆ ಹೊದಿಸಿ ದೀಪ ಆರಿಸಿದರು. ಬೆಳಗ್ಗೆ ನೋಡಿದಾಗ ಕಾಳಿನ ಬಟ್ಟಲು ತುಂಬಿದಂತೆಯೇ ಇತ್ತು. ಹುಡುಗಿಯ ಮುಖ ಬಾಡಿತು. ಅಜ್ಜಿ ಬಟ್ಟಲನ್ನು ಅಂಗಳಕ್ಕೆ ಒಯ್ದು ಮೆಲ್ಲಗೆ ಊದಿದರು. ಮೇಲಿದ್ದ ಹೊಟ್ಟೆಲ್ಲ ಹಾರಿಹೋಗಿ ತಳದಲ್ಲಿ ಹತ್ತಾರು ಕಾಳುಗಳು ಮಾತ್ರ ಉಳಿದವು. ಬಟ್ಟಲು ತುಂಬಿದೆಯೆಂದು ಹೊಟ್ಟನ್ನೇ ಕಾಳೆಂದು ನಂಬಿದವರ ಮನೆಯಲ್ಲಿ ಹಕ್ಕಿಗಳು ಹಸಿವಿನಿಂದ ಸಾಯುವುದುಂಟು. ಅಂದಿನಿಂದ ದಿನವೂ ಬೆಳಗ್ಗೆ ಬಟ್ಟಲು ಊದುವ ಕೆಲಸ ಅಜ್ಜಿಯದು. ಹಾಳೆಯಲ್ಲಿ ಆ ವರ್ಷದ ಎದುರಿಗಿದ್ದುದು ಮೊಮ್ಮಗಳ ಹೆಸರೇ.