ಅಕ್ಕ ಕೇಳಿದ ಪ್ರಶ್ನೆ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕ ಪ್ರೌಢಶಾಲೆ ಶಕ್ತಿನಗರದಲ್ಲಿತ್ತು. ಪಾಠ ಉಷ್ಣ ವಿದ್ಯುತ್ ಸ್ಥಾವರದ್ದು. ಆರ್‌ಟಿಪಿಎಸ್ ಚಿಮಣಿಗಳನ್ನು ನೋಡುತ್ತಲೇ ಬೆಳೆದ ಮಕ್ಕಳಿಗೆ ಇದಕ್ಕಿಂತ ಸುಲಭದ ಪಾಠ ಯಾವುದಿದೆ ಎಂದುಕೊಂಡೆ. 1985ರಲ್ಲಿ ಮೊದಲ ಘಟಕ, ಈಗ ಎಂಟು, ಒಟ್ಟು 1720 ಮೆಗಾವ್ಯಾಟ್ ಎಂದು ಕಪ್ಪುಹಲಗೆ ತುಂಬಿಸಿದೆ. ಮಕ್ಕಳು ಬರೆದುಕೊಂಡರು, ಒಂದು ಪ್ರಶ್ನೆಯೂ ಬರಲಿಲ್ಲ. ಮೇಲ್ವಿಚಾರಕರು ವೀಕ್ಷಣಾ ಪುಟದಲ್ಲಿ ‘ಅಭಿಪ್ರೇರಣೆ ಸಾಲದು’ ಎಂದು ಬರೆದರು.

ಅಭಿಪ್ರೇರಣೆಯ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. 1943ರಲ್ಲಿ ಮಾಸ್ಲೋ ಹೇಳಿದ ಅಗತ್ಯಗಳ ಶ್ರೇಣಿಯಲ್ಲಿ ಪ್ರೀತಿ, ಸಂಬಂಧಗಳದ್ದು ಮೂರನೇ ಮೆಟ್ಟಿಲು. ಗೌರವ, ಆತ್ಮಸಾಕ್ಷಾತ್ಕಾರ ಅದರ ಮೇಲಿನವು. ಅದು ನಮ್ಮ ಮನೆಯ ಕಥೆಯೂ ಹೌದೆಂದು ಹೊಳೆದಿರಲಿಲ್ಲ. ಬಿಎಸ್ಸಿ ಮುಗಿಸಿ ಸುಮ್ಮನೆ ಮನೆಯಲ್ಲಿದ್ದ ನಾನು ಬಿಎಡ್‌ಗೆ ಸೇರಿದ್ದು ಅಕ್ಕನಿಂದ. ಏಳನೆಯದಕ್ಕೇ ಶಾಲೆ ಬಿಟ್ಟ ಅವಳು ಎಂದೂ ಉಪದೇಶ ಮಾಡಿದವಳಲ್ಲ. ರೊಟ್ಟಿ ಬಡಿಯುತ್ತಾ “ಇವತ್ತ ಏನ್ ಓದಿದಿ, ನನಗ ತಿಳಿಯಂಗ ಹೇಳು” ಎನ್ನುತ್ತಿದ್ದಳು, ಅಷ್ಟೆ. ತಿಳಿಯದಿದ್ದರೆ ಮುಲಾಜಿಲ್ಲದೆ ತಿಳಿಯಲಿಲ್ಲ ಎನ್ನುವಳು. ಆ ರಾತ್ರಿಯೂ ನನ್ನ ಪಾಠ ಕೇಳಿ, “ಕಲ್ಲಿದ್ದಲು ಸುಟ್ಟರ ಬೆಂಕಿ ಬರ್ತದ. ಕರೆಂಟ್ ಹ್ಯಾಂಗ ಬರ್ತದ?” ಎಂದಳು. ನನ್ನ ಪಾಠಯೋಜನೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ಮರುದಿನ ಅಲ್ಲಿಂದಲೇ ಶುರುಮಾಡಿದೆ. ಮನೆಯಲ್ಲಿ ಯಾರಿಗಾದರೂ ಈ ಪಾಠ ಹೇಳಿ, ಅವರು ಕೇಳಿದ ಪ್ರಶ್ನೆ ತನ್ನಿ ಎಂದು ಗೃಹಪಾಠ ಕೊಟ್ಟೆ. ಅಲ್ಲಿಯವರೆಗೆ ಬಾಯಿ ಬಿಡದ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಅದಕ್ಕ ಹೊಳಿ ನೀರು ಯಾಕ ಬೇಕು ಅಂತ ಅಜ್ಜಿ ಕೇಳಿದ್ಲು” ಎಂದಳು. ಹಬೆ ಟರ್ಬೈನ್ ತಿರುಗಿಸಿದ ಮೇಲೆ ಅದನ್ನು ತಣಿಸಿ ಮತ್ತೆ ನೀರಾಗಿಸಬೇಕಲ್ಲ! ಆ ಅವಧಿಯೆಲ್ಲ ಕೃಷ್ಣೆಯ ನೀರಿನ ಮೇಲೆಯೇ ಹೋಯಿತು.

ಒಬ್ಬ ಹುಡುಗ ಮಾತ್ರ ಏನೂ ತಂದಿರಲಿಲ್ಲ. “ಅಪ್ಪ ಅವ್ವ ದುಡಿಯಾಕ ಬೆಂಗಳೂರಿಗೆ ಹೋಗ್ಯಾರ ಮಿಸ್. ಮನ್ಯಾಗ ಕೇಳೋರಿಲ್ಲ.” ನಮ್ಮ ಜಿಲ್ಲೆಯವಳಾಗಿ ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಊಟದ ಬಿಡುವಿನಲ್ಲಿ ಅವನ ಮುಂದೆ ಕೂತೆ. ಅವನು ಹೇಳಿದ, ಎರಡು ಸಲ “ತಿಳೀಲಿಲ್ಲ” ಎಂದೆ. ಮೂರನೇ ಸಲ ಕಡ್ಡಿಯಿಂದ ಮಣ್ಣಿನ ಮೇಲೆ ಬಾಯ್ಲರ್ ಬರೆದು ತೋರಿಸಿದ.

ನನ್ನ ಬೋಧನಾ ಅವಧಿ ಮುಗಿಯಲು ನಾಲ್ಕೇ ದಿನ ಉಳಿದಿತ್ತು. “ನೀವು ಹೋದ ಮ್ಯಾಲ ಯಾರಿಗೆ ಹೇಳ್ಲಿ?” ಎಂದು ಕೇಳಿದ.

“ಅವ್ವ ಫೋನ್ ಮಾಡ್ತಾಳಲ್ಲ, ಆಕಿಗೆ ಹೇಳು.”

“ಆಕಿಗೆ ಟರ್ಬೈನ್ ಅಂದ್ರ ಗೊತ್ತಿಲ್ಲ ಮಿಸ್.”

“ನಮ್ಮಕ್ಕಗೂ ಗೊತ್ತಿರಲಿಲ್ಲ” ಎಂದೆ.