ರಕ್ತದಲ್ಲಿ ಕ್ಷಯ ಹುಡುಕಿದ ಕಾಲ

2012ಕ್ಕೆ ಮುಂಚೆ ಬೆಳಗಾವಿಯ ಖಾಸಗಿ ಲ್ಯಾಬೊಂದರಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ. ಖಾನಾಪುರದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದವರಲ್ಲಿ ಹಂಚಿನ ಭಟ್ಟಿಯ ಕೂಲಿಗಳಿರುತ್ತಿದ್ದರು, ಕಣಕುಂಬಿ ಕಡೆಯ ಕಾಡಂಚಿನ ಹಳ್ಳಿಯವರಿರುತ್ತಿದ್ದರು. ವಾರಗಟ್ಟಲೆ ಬಿಡದ ಕೆಮ್ಮು, ಸಂಜೆಯಾದರೆ ಜ್ವರ. ಕೈಯಲ್ಲಿ ಚೀಟಿ: ಟಿಬಿ ಐಜಿಜಿ, ಐಜಿಎಂ.

ರಕ್ತದಿಂದ ಸೀರಂ ಬೇರ್ಪಡಿಸಿ ಎಲಿಸಾ ತಟ್ಟೆಯ ಗುಳಿಗಳಿಗೆ ಹಾಕುತ್ತಿದ್ದೆವು. ಕ್ಷಯದ ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು, ಅಂದರೆ ಚೀಟಿಯಲ್ಲಿದ್ದ ಆ ಐಜಿಜಿ, ಐಜಿಎಂ ಇದ್ದರೆ ಬಣ್ಣ ಏರುತ್ತಿತ್ತು. ‘ರಕ್ತದಾಗ ಟಿಬಿ ಐತೇನ್ರಿ ಸರ?’ ಎಂದು ಕೇಳುತ್ತಿದ್ದರು. ಸರಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಪುಕ್ಕಟೆ ಇತ್ತು. ಆದರೂ ದುಡ್ಡು ಕೊಟ್ಟು ಮಾಡಿಸಿದ ರಕ್ತದ ರಿಪೋರ್ಟಿನ ಮೇಲೇ ಜನರಿಗೆ ನಂಬಿಕೆ.

ತೊಡಕು ಅಲ್ಲಿಯೇ ಇತ್ತು. ನಮ್ಮ ದೇಶದಲ್ಲಿ ಈ ರೋಗಾಣು ಕೋಟ್ಯಂತರ ಜನರ ಮೈ ಹೊಕ್ಕಿದೆ. ಅವರಲ್ಲಿ ಹೆಚ್ಚಿನವರು ಕಾಯಿಲೆ ಬೀಳುವುದೇ ಇಲ್ಲ. ಅವರ ರಕ್ತದಲ್ಲೂ ಪ್ರತಿಕಾಯ ಸಿಗಬಹುದು. ಎಚ್‌ಐವಿಯಿಂದ ಸೊರಗಿದ ದೇಹದಲ್ಲಿ ಕ್ಷಯ ಉಲ್ಬಣಿಸಿದ್ದರೂ ಅವು ಸಿಗದೆ ಹೋಗಬಹುದು. ಹೀಗೆ ರೋಗವಿಲ್ಲದವರು ಆರು ತಿಂಗಳು ಕಠಿಣ ಮಾತ್ರೆ ನುಂಗಿದರು. ರೋಗವಿದ್ದವರು ನೆಗೆಟಿವ್ ರಿಪೋರ್ಟ್ ಹಿಡಿದು ಮನೆಮಂದಿಯ ನಡುವೆ ಕೆಮ್ಮುತ್ತ ಉಳಿದರು.

ದೇಶದಲ್ಲಿ ವರ್ಷಕ್ಕೆ ಸುಮಾರು 15 ಲಕ್ಷ ಇಂಥ ಪರೀಕ್ಷೆಗಳು ನಡೆಯುತ್ತಿದ್ದವೆಂದು ಅಂದಾಜು. 2011ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವನ್ನು ಬಳಸಬೇಡಿ ಎಂದು ಸ್ಪಷ್ಟವಾಗಿ ಹೇಳಿತು. 2012ರ ಜೂನ್‌ನಲ್ಲಿ ಭಾರತ ಸರಕಾರ ಈ ಕಿಟ್‌ಗಳ ಆಮದು, ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ನಿಷೇಧಿಸಿತು.

ಆಮೇಲೆ ಕಫಕ್ಕೆ ಮತ್ತೆ ಬೆಲೆ ಬಂತು. ರೋಗಾಣುವಿನ ಡಿಎನ್‌ಎಯನ್ನೇ ಹುಡುಕುವ ಸಿಬಿನ್ಯಾಟ್ ಎರಡು ಗಂಟೆಯೊಳಗೆ ಉತ್ತರ ಕೊಡುತ್ತದೆ. ರಿಫಾಂಪಿಸಿನ್ ಔಷಧಿಗೆ ರೋಗಾಣು ಬಗ್ಗುತ್ತದೋ ಇಲ್ಲವೋ ಎಂಬುದನ್ನೂ ತಿಳಿಸುತ್ತದೆ. ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಸಿಗುವ ಗೋವಾದ ಮೊಲ್ಬಯೋ ಕಂಪನಿಯ ಟ್ರೂನ್ಯಾಟ್ ಎಂಬ ಇಂಥದೇ ಪರೀಕ್ಷೆಯ ಯಂತ್ರ ಬ್ಯಾಟರಿಯಲ್ಲೂ ನಡೆಯುತ್ತದೆ. 2020ರಲ್ಲಿ ಅದಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿತು.

ಹಾಗೆಂದು ರಕ್ತದ ಪರೀಕ್ಷೆಯ ಸಂಶೋಧನೆ ನಿಲ್ಲಬಾರದು. ಕಫ ಕೊಡಲಾಗದ ಮಕ್ಕಳಿಗೆ, ಎಲುಬಿನಲ್ಲೋ ಮಿದುಳಿನ ಪೊರೆಯಲ್ಲೋ ಕ್ಷಯ ಇರುವವರಿಗೆ ಅದು ಬೇಕೇ ಬೇಕು. ಆದರೆ ಹೊಸ ಕಿಟ್ಟನ್ನು ರೋಗ ಬಲಿತವರು ಮತ್ತು ಪೂರ್ತಿ ಆರೋಗ್ಯವಂತರು, ಈ ಇಬ್ಬರ ರಕ್ತದಲ್ಲಷ್ಟೇ ಪರೀಕ್ಷಿಸಿದರೆ ಅದು ಒಳ್ಳೆಯದಾಗಿಯೇ ಕಾಣುತ್ತದೆ. ಖಾನಾಪುರದಂಥ ತಾಲ್ಲೂಕಿನಲ್ಲಿ, ಬೇರೆ ಕಾರಣಕ್ಕೆ ಕೆಮ್ಮುವವರ, ರೋಗಾಣುವಿದ್ದೂ ಗಟ್ಟಿಯಾಗಿರುವವರ ರಕ್ತದಲ್ಲೂ ಅದನ್ನು ಒರೆಗೆ ಹಚ್ಚಬೇಕು. ಅಲ್ಲಿ ಪಾಸಾದ ಕಿಟ್ ಮಾತ್ರ ಲ್ಯಾಬಿಗೆ ಬರಲಿ.