ಟೈಗರ್ ಮತ್ತು ಸುರಂಗದ ನೀರು

ಎರಡು ವಾರದಿಂದ ದಾರಿಯಲ್ಲಿ ಸಿಕ್ಕಿದ ಹೆತ್ತವರೆಲ್ಲ ಕೇಳುವುದು ಒಂದೇ: "ಮಾಷ್ಟ್ರೇ, ಗುಡ್ಡೆಯಲ್ಲಿ ಆ ನಾಯಿಗೆ ಏನಾಯ್ತಂತೆ?" ಹಾವು ಕಚ್ಚಿತೆಂದು ಕೆಲವರಿಗೆ ಸುದ್ದಿ, ಹುಚ್ಚು ಹಿಡಿಯಿತೆಂದು ಕೆಲವರಿಗೆ. ಎರಡೂ ಅಲ್ಲ. ಆದದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ನಿಮ್ಮ ಮನೆಯಲ್ಲೂ ನಾಯಿ ಇರಬಹುದಲ್ಲ.

2025ರ ಫೆಬ್ರವರಿಯ ಕೊನೆಯ ಭಾನುವಾರ ಏಳನೇ ತರಗತಿಯ ಹನ್ನೊಂದು ಮಕ್ಕಳೊಂದಿಗೆ ನಾನೂ ಇನ್ನೊಬ್ಬರು ಟೀಚರೂ ಪೊಸಡಿಗುಂಪೆ ಹತ್ತಿದ್ದೆವು. ಧರ್ಮತ್ತಡ್ಕದ ಹತ್ತಿರದ ಈ ಗುಡ್ಡೆ ಸಮುದ್ರಮಟ್ಟದಿಂದ ಸುಮಾರು 1,000 ಅಡಿ ಎತ್ತರ. ಮೇಲೆಲ್ಲ ಹುಲ್ಲು, ಮುರಕಲ್ಲು. ನೆರಳು ಕಡಿಮೆ. ಗುಡ್ಡೆಯ ಬುಡದಲ್ಲಿ ಮನೆಯಿರುವ ನಮ್ಮ ಹುಡುಗನೊಬ್ಬನ ನಾಯಿ ಟೈಗರ್ ಕೂಡ ಜೊತೆಗೆ ಬಂತು. ಲ್ಯಾಬ್ರಡಾರ್ ಅಡ್ಡತಳಿ, ಆರು ವರ್ಷ, ಊಟ ಸ್ವಲ್ಪ ಜಾಸ್ತಿಯೇ ಆದ ಮೈ. ಮಕ್ಕಳು ಒಂದು ಸಲ ನಡೆದ ದಾರಿಯನ್ನು ಅದು ಮೂರು ಸಲ ಓಡಿತು.

ಬಿಸಿಲೇರುವ ಮೊದಲೇ, ಒಂಬತ್ತೂವರೆಗೆಲ್ಲ ನಾವು ಇಳಿದಾಗಿತ್ತು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಆದರೆ ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಪಾದದಡಿಯಲ್ಲಿ ಚೂರು ಬೆವರುತ್ತದೆ ಅಷ್ಟೆ. ತೇಕಿ ತೇಕಿ ಬಾಯಿಯ ತೇವ ಆರಿಸಿಯೇ ಅದು ತಣ್ಣಗಾಗಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ಒಗೆದ ಬಟ್ಟೆಯೇ ಬೇಗ ಆರುವುದಿಲ್ಲ, ಇನ್ನು ನಾಯಿಯ ನಾಲಗೆ ಆರುತ್ತದೆಯೇ? ಓಟ, ದಪ್ಪ ಮೈ, ಸೆಕೆ ಮೂರೂ ಸೇರಿದರೆ ಸುಡುಬಿಸಿಲೇ ಬೇಕೆಂದಿಲ್ಲ.

ಅಡಿಕೆ ತೋಟದ ಹತ್ತಿರ ಬರುವಾಗ ಟೈಗರಿನ ಹಿಂಗಾಲು ತೂರಾಡಿತು. ಬಾಯಿಂದ ಅಂಟಂಟು ಜೊಲ್ಲು, ವಸಡು ಇಟ್ಟಿಗೆಯಂತೆ ಕೆಂಪು. ಒಂದು ಸಲ ವಾಂತಿ ಮಾಡಿ ಮಲಗಿಯೇ ಬಿಟ್ಟಿತು. ಕರೆದರೆ ಕಣ್ಣು ತಿರುಗಿಸಲಿಲ್ಲ. ಬೈರಾಸಿನಲ್ಲಿ ಹಾಕಿಕೊಂಡು ನಾಲ್ವರು ಹೊತ್ತು ಹುಡುಗನ ಮನೆಯಂಗಳಕ್ಕೆ ತಂದೆವು.

"ರಿಕ್ಷಾ ತರಿಸಿ ಮಾಷ್ಟ್ರೇ, ಈಗಲೇ ಹೋಗುವ!" ಹುಡುಗ ಅಳುತ್ತಿದ್ದ. ಮೃಗವೈದ್ಯರಲ್ಲಿಗೆ ಅರ್ಧ ಗಂಟೆಯ ದಾರಿ. ನಾನು ಮೊದಲು ಅವರಿಗೆ ಫೋನ್ ಮಾಡಿದೆ. ಅವರದು ಮಲಯಾಳ. "ಆದ್ಯಂ ತಣುಪ್ಪಿಕ್ಕಣಂ ಮಾಷೇ, ಎನ್ನಿಟ್ಟ್ ಕೊಂಡುವರಣಂ." ಮೊದಲು ತಣ್ಣಗೆ ಮಾಡಿ, ಆಮೇಲೆ ತನ್ನಿ. ಮೈ ಸುಡುತ್ತಿರುವ ಒಂದೊಂದು ನಿಮಿಷವೂ ಒಳಗಿನ ಅಂಗಗಳನ್ನು ಕೆಡಿಸುತ್ತದೆ, ಅದನ್ನು ರಿಕ್ಷಾದಲ್ಲಿ ಕಳೆಯಬೇಡಿ ಎಂದರು. ಫೋನ್ ಸ್ಪೀಕರಿನಲ್ಲಿತ್ತು. ಆದರೂ ಹುಡುಗ ನನ್ನ ಮೇಲೆ ರೇಗಿದ: "ಅವನು ಸಾಯ್ತಾ ಇದ್ದಾನೆ, ನೀವು ನೀರಾಟ ಆಡ್ತೀರಾ?" ನಾನು ಉತ್ತರ ಕೊಡಲಿಲ್ಲ, ಅವನ ಕೈಗೆ ಒಂದು ಕೊಡಪಾನ ಕೊಟ್ಟೆ.

ಆ ಮನೆಗೆ ಸುರಂಗದ ನೀರು. ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದ ಸುರಂಗ, ಪಂಪು ಗಿಂಪು ಏನೂ ಬೇಡ, ನೀರು ತನ್ನಷ್ಟಕ್ಕೇ ಹರಿದು ಅಂಗಳದ ತೊಟ್ಟಿಗೆ ಬೀಳುತ್ತದೆ. ನಮ್ಮ ಕಾಸರಗೋಡಿನವರಿಗೆ ಹೊಸತಲ್ಲ, ಆದರೆ ಅವತ್ತಿನಷ್ಟು ಬೆಲೆ ನನಗೆ ಯಾವತ್ತೂ ಗೊತ್ತಾಗಿರಲಿಲ್ಲ. ನೆರಳಿಗೆ ಎಳೆದು ಕುತ್ತಿಗೆ, ಹೊಟ್ಟೆ, ತೊಡೆಸಂದಿಗೆ ಎಡೆಬಿಡದೆ ನೀರು ಹೊಯ್ದೆವು. ಇಬ್ಬರು ಮಕ್ಕಳು ಅಡಿಕೆ ಹಾಳೆಯಲ್ಲಿ ಗಾಳಿ ಹಾಕಿದರು. ಗಾಳಿ ಆಡಿದರೇ ನೀರು ಆರಿ ಶಾಖ ಹೋಗುವುದು. ಒದ್ದೆ ಗೋಣಿ ಹೊದೆಸುವ ಎಂದರು ಒಬ್ಬರು. ಬೇಡವೆಂದೆ, ಹೊದೆಸಿಟ್ಟ ಗೋಣಿ ಸ್ವಲ್ಪ ಹೊತ್ತಿಗೆ ತಾನೇ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಎಚ್ಚರವಿಲ್ಲದ ನಾಯಿಯ ಬಾಯಿಗೆ ನೀರು ಹೊಯ್ಯುವುದೂ ಅಪಾಯ, ಶ್ವಾಸಕೋಶಕ್ಕೆ ಹೋಗುತ್ತದೆ.

ನೆರೆಮನೆಯವರು ಪ್ಯಾರಸಿಟಮಾಲ್ ಹಿಡಿದುಕೊಂಡು ಬಂದರು, ಪಾಪ ಒಳ್ಳೆಯ ಮನಸ್ಸಿನಿಂದಲೇ. ಆದರೆ ಇದು ಜ್ವರವಲ್ಲ. ಜ್ವರದಲ್ಲಿ ಮೈಯೇ ತನ್ನ ಬಿಸಿಯನ್ನು ಏರಿಸಿಕೊಳ್ಳುತ್ತದೆ, ಗುಳಿಗೆ ಅದನ್ನು ಇಳಿಸುತ್ತದೆ. ಇಲ್ಲಿ ಹೊರಹೋಗಲಾರದೆ ಉಳಿದ ಶಾಖ. ಗುಳಿಗೆಗೆ ಇಲ್ಲಿ ಕೆಲಸವೇ ಇಲ್ಲ, ಮೇಲಾಗಿ ನಾಯಿಗೆ ಅದು ವಿಷವಾದೀತು.

ಅಜ್ಜಿ ಹಟ್ಟಿಯಿಂದ ದನಗಳ ಥರ್ಮಾಮೀಟರ್ ತಂದುಕೊಟ್ಟರು. ಗುದದಲ್ಲಿಟ್ಟು ನೋಡಿದರೆ 106 ಡಿಗ್ರಿ ಫ್ಯಾರನ್‌ಹೀಟ್! ನಾಯಿಗೆ 101ರಿಂದ 102.5ರ ಆಸುಪಾಸು ಸಹಜ. ಸುಮಾರು ಇಪ್ಪತ್ತು ನಿಮಿಷದಲ್ಲಿ 103.5ಕ್ಕೆ ಇಳಿಯಿತು. ಅಲ್ಲಿಗೆ ನೀರು ನಿಲ್ಲಿಸಲು ವೈದ್ಯರು ಮೊದಲೇ ಹೇಳಿದ್ದರು, ಇಲ್ಲದಿದ್ದರೆ ಅತಿಯಾಗಿ ತಣ್ಣಗಾಗುತ್ತದಂತೆ. ಅಷ್ಟರಲ್ಲಿ ಟೈಗರ್ ಕಿವಿ ಅಲ್ಲಾಡಿಸಿತು. ಇನ್ನು ಸರಿಯಾಯ್ತಲ್ಲ, ಡಾಕ್ಟರು ಯಾಕೆ ಎಂದವರೂ ಇದ್ದರು. ರಿಕ್ಷಾ ಬಂತು, ಹೋದೆವು. ಎದ್ದು ನಿಂತ ನಾಯಿಗೂ ಮುಂದಿನ ಒಂದೆರಡು ದಿನಗಳಲ್ಲಿ ಕಿಡ್ನಿ ಕೈಕೊಡಬಹುದು, ರಕ್ತ ಹೆಪ್ಪುಗಟ್ಟುವ ಶಕ್ತಿ ಕೆಡಬಹುದು.

ಎರಡು ದಿನ ಗ್ಲೂಕೋಸ್ ಹಾಕಿದರು. ಮೂರನೇ ದಿನದ ರಕ್ತಪರೀಕ್ಷೆಯಲ್ಲಿ ಕಿಡ್ನಿ ಪರವಾಗಿಲ್ಲ ಎಂದಾಯ್ತು. ಈಗ ಗಂಜಿ ಉಣ್ಣುತ್ತದೆ, ನಡಿಗೆ ಮುಸ್ಸಂಜೆಗೆ ಮಾತ್ರ. ಮುಂದಿನ ವಾರ ಇನ್ನೊಂದು ಪರೀಕ್ಷೆ ಇದೆ, ಹುಡುಗ ಆ ದಿನಕ್ಕೆ ಈಗಲೇ ರಜೆ ಅರ್ಜಿ ಬರೆದುಕೊಟ್ಟಿದ್ದಾನೆ. ಕಾರಣದ ಜಾಗದಲ್ಲಿ "ಟೈಗರ್" ಎಂದಷ್ಟೇ ಇದೆ.